ಸೊಂಟಕ್ಕೂ ಒಂದು ರೀವ್ಯಾಲ್ಯುವೇಷನ್: ನಾಯಿಯ ಎಕ್ಸ್-ರೇ ಮೇಲೆ ಅಪೀಲ್ ಹಾಕೋ ಚರಿತ್ರೆ

ಭಾಗ 1/11

ಫೋಟೋದಲ್ಲಿ ಮೆಟ್ಟಿಲ ಕೆಳಗೆ ಕೂತು ಮೇಲೆ ನೋಡ್ತಿರೋಳು ಚಿನ್ನಿ. ಲ್ಯಾಬ್ರಡಾರ್, ಎರಡು ವರ್ಷ. ಶ್ರೀರಾಂಪುರದಲ್ಲಿ ನಮ್ಮ ಕೆಳಗಿನ ಮನೆ ಆಂಟಿಯ ನಾಯಿ. ನಮ್ಮ ಏರಿಯಾ ನೋಡಿದವರಿಗೆ ಗೊತ್ತು, ಇಲ್ಲಿ ಮನೆಗಳು ಅಗಲಕ್ಕೆ ಬೆಳೆಯಲ್ಲ, ಮೇಲಕ್ಕೆ ಬೆಳೆಯುತ್ತೆ. ಮೆಟ್ಟಿಲು ಏಣಿ ಥರ ಇರುತ್ತೆ. ಚಿನ್ನಿ ಅದನ್ನ ಹತ್ತುವಾಗ ಹಿಂದಿನ ಎರಡೂ ಕಾಲನ್ನ ಒಟ್ಟಿಗೆ ಎತ್ತಿ ಮೊಲದ ಹಾಗೆ ಜಿಗೀತಾಳೆ. ಎಷ್ಟು ಮುದ್ದು ಅಂತ ನಾನೇ ಎಷ್ಟೋ ವಿಡಿಯೋ ಮಾಡಿದೀನಿ. ಕೆಲವನ್ನ ನೀವು ಸ್ಟೋರಿಯಲ್ಲಿ ನೋಡಿ ಹಾರ್ಟ್ ಕೊಟ್ಟಿದೀರ.

ಆಂಟಿ ಮನೆಯಲ್ಲೇ ಬ್ಲೌಸ್ ಹೊಲೀತಾರೆ. ಚಿನ್ನಿಗೆ ಒಂದ್ಸಲ ಮರಿ ಮಾಡಿಸಿ ಮಾರಿದ್ರೆ ಮಗಳ ಕಾಲೇಜ್ ಫೀಸಿಗೆ ಸ್ವಲ್ಪ ಆಗುತ್ತೆ ಅನ್ನೋದು ಅವರ ಲೆಕ್ಕ. ಗಂಡು ನಾಯಿನೂ ಗೊತ್ತಾಗಿತ್ತು. ಆದ್ರೆ ಡಾಕ್ಟರು ಚಿನ್ನಿ ನಡೆಯೋದನ್ನ ನೋಡಿ, ಮೊದಲು ಸೊಂಟದ ಎಕ್ಸ್-ರೇ ತೆಗೆಸಿ ಅಂದ್ರು. ತೆಗೆಸಿದ್ರು. ಎಡಗಡೆ ಕೀಲು ಸಡಿಲ ಇದೆ, ಹಿಪ್ ಡಿಸ್‌ಪ್ಲೇಸಿಯಾ, ಮರಿ ಮಾಡಿಸೋದು ಬೇಡ ಅಂತ ಬರೆದುಕೊಟ್ರು.

ಅವತ್ತೇ ಸಂಜೆ ಗಂಡು ನಾಯಿ ಕಡೆಯವರ ಫೋನ್. "ಅದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರ? ಬೇರೆ ಕಡೆ ಇನ್ನೊಂದು ಎಕ್ಸ್-ರೇ ತೆಗೆಸಿ. ಫಾರಿನ್‌ನಲ್ಲೂ ಗ್ರೇಡ್ ಕಮ್ಮಿ ಬಂದ್ರೆ ಅಪೀಲ್ ಹಾಕ್ತಾರೆ, ಸರಿ ಹೋಗುತ್ತೆ."

ಆಂಟಿ ನನ್ನ ಕರೆದು ಕೇಳಿದ್ರು: "ನೀನು ಬಿಕಾಂ ಓದ್ತಿದೀಯಲ್ಲ, ಈ ಅಪೀಲ್ ಅಂದ್ರೆ ಏನು ಹೇಳು. ಹಾಕಿದ್ರೆ ತಪ್ಪಾ?"

ನಂಗೆ ಗೊತ್ತಿರ್ಲಿಲ್ಲ. ಓದಿದೆ. ಓದ್ತಾ ಓದ್ತಾ ಇದು ನಮ್ಮ ಎಕ್ಸಾಮ್ ಕಥೆನೇ ಅನ್ನಿಸ್ತು. ಆ ಚರಿತ್ರೆ ಈ ಸಲದ ಸರಣಿ. ಹನ್ನೊಂದು ಪೋಸ್ಟ್. ನಾಯಿ ಇಲ್ಲದವರೂ ಓದಿ.

ಭಾಗ 2/11

ಮೊದಲು ರೋಗ ಏನು ಅಂತ ತಿಳ್ಕೊಳ್ಳೋಣ.

ಅಜ್ಜಿ ಮನೆ ಒರಳುಕಲ್ಲು ನೆನಪಿಸಿಕೊಳ್ಳಿ. ಒರಳಿನ ಗುಳಿ, ಅದರೊಳಗೆ ಗುಂಡು. ಗುಂಡು ಗುಳಿಯಲ್ಲಿ ಸರಿಯಾಗಿ ಕೂತ್ರೆ ಮಾತ್ರ ಹಿಟ್ಟು ನುಣ್ಣಗೆ ಆಗೋದು. ಸೊಂಟದ ಕೀಲೂ ಹಾಗೇ. ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು, ಸೊಂಟದ ಮೂಳೆಯಲ್ಲಿ ಒಂದು ಬಟ್ಟಲು. ಡಿಸ್‌ಪ್ಲೇಸಿಯಾ ಇರೋ ನಾಯಿಯಲ್ಲಿ ಬಟ್ಟಲಿನ ಆಳ ಸಾಲಲ್ಲ, ಕೀಲು ಸಡಿಲ. ನಡೆದಾಗೆಲ್ಲ ಗುಂಡು ಅಂಚಿಗೆ ಜಾರುತ್ತೆ. ಅಂಚು ಸವೆಯುತ್ತೆ, ದೇಹ ಅದನ್ನ ಸರಿ ಮಾಡೋಕೆ ಹೋಗಿ ಅಲ್ಲಲ್ಲಿ ಹೊಸ ಮೂಳೆ ಬೆಳೆಸುತ್ತೆ, ಕೊನೆಗೆ ಸಂಧಿವಾತ.

ಮುಂಗಾಲಿನ ಮೊಣಕೈ ಕಥೆ ಸ್ವಲ್ಪ ಬೇರೆ. ಅಲ್ಲಿ ಮೂರು ಮೂಳೆ ಸೇರ್ತವೆ. ಮೂರೂ ಸರಿಯಾದ ಅಳತೆಗೆ ಬೆಳೆದು ಕೂಡಿಕೊಳ್ಳಬೇಕು. ಒಂದು ಸ್ವಲ್ಪ ಹಿಂದೆ ಬಿದ್ರೆ ಇನ್ನೊಂದರ ಮೇಲೆ ಭಾರ ಬಿದ್ದು ಮೂಳೆಯ ಚೂರು ಬಿರುಕು ಬಿಡುತ್ತೆ, ಇಲ್ಲಾ ಮೇಲಿನ ಮೃದ್ವಸ್ಥಿ ಏಳುತ್ತೆ. ಇದಕ್ಕೆಲ್ಲ ಸೇರಿಸಿ ಎಲ್ಬೋ ಡಿಸ್‌ಪ್ಲೇಸಿಯಾ ಅಂತಾರೆ.

ಇಲ್ಲಿ ಎರಡು ವಿಷಯ ಮುಖ್ಯ.

ಒಂದು, ಸೊಂಟದ ಡಿಸ್‌ಪ್ಲೇಸಿಯಾ ಇರೋ ಮರಿ ಹುಟ್ಟುವಾಗ ನೋಡೋಕೆ ಸರಿಯಾಗೇ ಇರುತ್ತೆ. ಬೆಳೀತಾ ಹಾಳಾಗೋದು. ಅದಕ್ಕೇ ಕೈಯಲ್ಲಿ ಎತ್ತಿಕೊಂಡ ಮರಿ ನೋಡಿ ಯಾರೂ ಹೇಳೋಕಾಗಲ್ಲ.

ಎರಡು, ಇದು ಅಪ್ಪ ಅಮ್ಮನಿಂದ ಬರೋ ಗುಣ, ಆದ್ರೆ ಒಂದೇ ಜೀನ್ ಅಲ್ಲ. ಹಲವು ಜೀನ್, ಜೊತೆಗೆ ಊಟ, ತೂಕ, ಬೆಳೆಯೋ ವೇಗ. ನೋಡೋಕೆ ಚೆನ್ನಾಗಿ ಓಡಾಡೋ ನಾಯಿಯ ಕೀಲಲ್ಲೂ ದೋಷ ಇರಬಹುದು, ಅದು ಮರಿಗೆ ಹೋಗಬಹುದು.

ಅಂದ್ರೆ ಗ್ರೇಡ್ ಇರೋದು ಈ ನಾಯಿಗೆ ಇವತ್ತು ನೋವಿದೆಯಾ ಅಂತ ಹೇಳೋಕಲ್ಲ. ಇನ್ನೂ ಹುಟ್ಟದೇ ಇರೋ ಮರಿಗಳ ಬಗ್ಗೆ ಒಂದು ಅಂದಾಜು ಕೊಡೋಕೆ.

ಭಾಗ 3/11

ಚರಿತ್ರೆ ಶುರು ಆಗೋದು 1935ರಲ್ಲಿ.

ಅಮೆರಿಕದ ಬಾಸ್ಟನ್‌ನಲ್ಲಿದ್ದ ಪಶುವೈದ್ಯ ಗೆರ್ರಿ ಶ್ನೆಲ್ ಆ ವರ್ಷ ನಾಯಿಗಳಲ್ಲಿ ಈ ಸೊಂಟದ ದೋಷವನ್ನು ವಿವರಿಸಿ ಬರೆದರು. ಬರೆದದ್ದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲಲ್ಲ, ನಾಯಿ ಸಾಕೋರು ಓದೋ ಅಮೆರಿಕನ್ ಕೆನಲ್ ಗೆಜೆಟ್‌ನಲ್ಲಿ. ಆಗ ಇದು ಬಹಳ ಅಪರೂಪದ ಕಾಯಿಲೆ ಅಂತಲೇ ಎಲ್ಲರ ನಂಬಿಕೆ.

ಅಪರೂಪ ಅಂತ ಯಾಕೆ ಅನ್ನಿಸಿತ್ತು? ಯಾರೂ ಎಕ್ಸ್-ರೇ ತೆಗೀತಿರ್ಲಿಲ್ಲ, ಅಷ್ಟೇ. ಕುಂಟೋ ನಾಯಿಗೆ ಪೆಟ್ಟಾಗಿದೆ ಅಂತಿದ್ರು, ವಯಸ್ಸಾಯ್ತು ಅಂತಿದ್ರು. ಎರಡನೇ ಮಹಾಯುದ್ಧದ ನಂತರ ಎಕ್ಸ್-ರೇ ಯಂತ್ರ ಪಶು ಆಸ್ಪತ್ರೆಗಳಿಗೆ ಬಂದಾಗ ಗೊತ್ತಾಯ್ತು, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ಇದು ಮಾಮೂಲು ಅಂತ.

ಮೊದಲು ವ್ಯವಸ್ಥಿತವಾಗಿ ಕೆಲಸಕ್ಕೆ ಇಳಿದದ್ದು ಸ್ವೀಡನ್. ಅಲ್ಲಿನ ಸೇನೆಗೆ ಕೆಲಸದ ನಾಯಿ ಬೇಕಿತ್ತು. ವರ್ಷಗಟ್ಟಲೆ ತರಬೇತಿ ಕೊಟ್ಟ ಶೆಫರ್ಡ್ ಕುಂಟೋಕೆ ಶುರು ಮಾಡಿದ್ರೆ ಹಾಕಿದ ದುಡ್ಡೆಲ್ಲ ಹೋಯ್ತು. 1959ರಲ್ಲಿ ಸ್ವೀಡನ್ನಿನ ಕೆನಲ್ ಕ್ಲಬ್ ಎಕ್ಸ್-ರೇ ನೋಡಿ ದಾಖಲೆ ಇಡೋ ಕಾರ್ಯಕ್ರಮ ಶುರು ಮಾಡ್ತು.

ಇದೇ ಸ್ವೀಡನ್ನಿನವರು ಒಂದು ಅಳತೆಗೋಲನ್ನೂ ಕೊಟ್ರು. ಎರಡು ತೊಡೆಮೂಳೆ ಗುಂಡುಗಳ ಮಧ್ಯಬಿಂದುಗಳನ್ನ ಸೇರಿಸಿ ಒಂದು ಗೆರೆ. ಗುಂಡಿನ ಮಧ್ಯದಿಂದ ಬಟ್ಟಲಿನ ಮುಂದಿನ ಅಂಚಿಗೆ ಇನ್ನೊಂದು ಗೆರೆ. ನಡುವಿನ ಕೋನ 105 ಡಿಗ್ರಿ ಅಥವಾ ಹೆಚ್ಚಿದ್ರೆ ಗುಂಡು ಚೆನ್ನಾಗಿ ಕೂತಿದೆ ಅಂತ ಅರ್ಥ. ಇದಕ್ಕೆ ನಾರ್‌ಬರ್ಗ್ ಕೋನ ಅಂತ ಹೆಸರು. ನಮ್ಮ ಜಾಮಿಟ್ರಿ ಬಾಕ್ಸ್‌ನ ಪ್ರೊಟ್ರಾಕ್ಟರ್ ಸಾಕು ಅನ್ನೋ ಹಾಗಿದೆ ಅಲ್ವಾ?

ಸಾಕಾಗಲ್ಲ. ಯಾಕೆ ಅನ್ನೋದು ಮುಂದೆ ಬರುತ್ತೆ.

ಭಾಗ 4/11

ಅಮೆರಿಕಕ್ಕೆ ವಾಪಸ್ ಬರೋಣ. ಜಾನ್ ಓಲಿನ್ ಅಂತ ಒಬ್ಬ ಉದ್ಯಮಿ. ವಿಂಚೆಸ್ಟರ್ ಬಂದೂಕು ಕಂಪನಿ ಇವರ ಕುಟುಂಬದ ಸಂಸ್ಥೆಯ ಕೈಯಲ್ಲಿತ್ತು. ಶಿಕಾರಿ ಹುಚ್ಚು, ಲ್ಯಾಬ್ರಡಾರ್ ಹುಚ್ಚು. ಇವರ ಕಿಂಗ್ ಬಕ್ ಅನ್ನೋ ಕರಿ ಲ್ಯಾಬ್ರಡಾರ್ 1952 ಮತ್ತು 1953ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯ್ತು, 1959ರಲ್ಲಿ ಅಮೆರಿಕದ ಬಾತುಕೋಳಿ ಬೇಟೆಯ ಸ್ಟ್ಯಾಂಪಿನ ಮೇಲೂ ಬಂತು. ಇಷ್ಟು ಒಳ್ಳೇ ನಾಯಿಗಳಿದ್ದ ಓಲಿನ್‌ರ ಕೆನಲ್‌ನಲ್ಲೂ ಸೊಂಟದ ಡಿಸ್‌ಪ್ಲೇಸಿಯಾ ಕಾಣಿಸ್ಕೊಳ್ತು.

ದುಡ್ಡಿದ್ದ ಮನುಷ್ಯ, ಸುಮ್ಮನೆ ಕೂರಲಿಲ್ಲ. ತಳಿ ಕ್ಲಬ್‌ಗಳನ್ನೂ ಪಶುವೈದ್ಯರನ್ನೂ ಸೇರಿಸಿ 1966ರಲ್ಲಿ ಆರ್ಥೋಪೆಡಿಕ್ ಫೌಂಡೇಷನ್ ಫಾರ್ ಅನಿಮಲ್ಸ್ ಶುರು ಮಾಡಿಸಿದರು. ಮೊದಲ ಯೋಜನಾ ನಿರ್ದೇಶಕ ಡಾ. ವೇಯ್ನ್ ರೈಸರ್.

ಇವರ ಪದ್ಧತಿ ನೋಡಿ. ಒಂದು ಎಕ್ಸ್-ರೇಯನ್ನ ಮೂವರು ರೇಡಿಯಾಲಜಿಸ್ಟ್‌ಗಳು ಬೇರೆ ಬೇರೆಯಾಗಿ ಓದ್ತಾರೆ. ತಳಿ, ವಯಸ್ಸು, ಗಂಡೋ ಹೆಣ್ಣೋ ಅನ್ನೋದನ್ನ ಗಮನಕ್ಕೆ ತಗೋತಾರೆ. ಎಕ್ಸಲೆಂಟ್, ಗುಡ್, ಫೇರ್, ಬಾರ್ಡರ್‌ಲೈನ್, ಮೈಲ್ಡ್, ಮಾಡರೇಟ್, ಸಿವಿಯರ್ ಅಂತ ಏಳು ದರ್ಜೆ. ಒಬ್ಬರು ಎಕ್ಸಲೆಂಟ್, ಒಬ್ಬರು ಗುಡ್, ಒಬ್ಬರು ಫೇರ್ ಅಂದ್ರೆ ಸಿಗೋದು ಗುಡ್. ಇಬ್ಬರು ಎಕ್ಸಲೆಂಟ್ ಅಂದು ಒಬ್ಬರು ಗುಡ್ ಅಂದ್ರೆ ಎಕ್ಸಲೆಂಟ್.

ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲಿ ನಿದ್ದೆ ಮಾಡದವರು ಹೇಳಿ, ಇದೇನು? ಮೀನ್ ಅಲ್ಲ, ಮೀಡಿಯನ್. ಒಬ್ಬರ ಕೈ ತೀರಾ ಬಿಗಿ ಅಥವಾ ತೀರಾ ಧಾರಾಳ ಇದ್ರೂ ಫಲಿತಾಂಶ ಆ ಕಡೆ ವಾಲಲ್ಲ.

ಅಂದ್ರೆ ಇಬ್ಬರು ತಜ್ಞರು ಒಂದೇ ಚಿತ್ರವನ್ನ ಬೇರೆ ಥರ ಓದಬಹುದು ಅನ್ನೋದನ್ನ ಈ ಪದ್ಧತಿಯೇ ಒಪ್ಪಿಕೊಂಡಿದೆ. ಅಪೀಲಿಗೆ ಜಾಗ ಹುಟ್ಟೋದು ಇಲ್ಲೇ.

ಭಾಗ 5/11

ಈಗ ಬ್ರಿಟನ್. 1965ರಲ್ಲಿ ಅಲ್ಲಿನ ಪಶುವೈದ್ಯರ ಸಂಘ ಮತ್ತು ಕೆನಲ್ ಕ್ಲಬ್ ಸೇರಿ ಸೊಂಟದ ಯೋಜನೆ ಶುರು ಮಾಡಿದವು. ಮೊದಮೊದಲು ಅಲ್ಲಿ ಅಂಕ ಇರ್ಲಿಲ್ಲ. ಪಾಸಾದ್ರೆ ಸರ್ಟಿಫಿಕೇಟ್, ಅಂಚಿನಲ್ಲಿದ್ರೆ ಒಂದು ಪತ್ರ, ಇಲ್ಲಾಂದ್ರೆ ಫೇಲ್.

ಪಾಸು–ಫೇಲು ಪದ್ಧತಿಯ ಕಷ್ಟ ನಮಗೆ ಗೊತ್ತಿರೋದೇ. 35 ಬಂದವನೂ ಪಾಸ್, 95 ಬಂದವನೂ ಪಾಸ್. 34 ಬಂದವನು ಮಾತ್ರ ಬೀದಿಗೆ. ಗೆರೆ ಹತ್ರ ಇದ್ದವರೆಲ್ಲ ಜಗಳಕ್ಕೆ ಬರ್ತಾರೆ, ಯಾಕಂದ್ರೆ ಒಂದೇ ಒಂದು ಕೂದಲೆಳೆ ಎಲ್ಲವನ್ನೂ ತೀರ್ಮಾನ ಮಾಡುತ್ತೆ.

1980ರ ದಶಕದ ಆರಂಭಕ್ಕೆ ಅಂಕ ಬಂತು. ಒಂದು ಸೊಂಟದಲ್ಲಿ ಒಂಬತ್ತು ಅಂಶ ನೋಡ್ತಾರೆ. ನಾರ್‌ಬರ್ಗ್ ಕೋನ, ಗುಂಡು ಎಷ್ಟು ಜಾರಿದೆ, ಬಟ್ಟಲಿನ ಒಂದೊಂದು ಅಂಚು ಹೇಗಿದೆ, ಹೊಸ ಮೂಳೆ ಬೆಳೆದಿದೆಯಾ, ಹೀಗೆ. ಎಂಟು ಅಂಶಕ್ಕೆ 0ಯಿಂದ 6, ಒಂದಕ್ಕೆ 0ಯಿಂದ 5. ಒಟ್ಟು 53. ಎರಡೂ ಸೊಂಟ ಸೇರಿ 106. ಇಲ್ಲಿ ಸೊನ್ನೆ ತೆಗೆದವರೇ ಫಸ್ಟ್ ರ‍್ಯಾಂಕ್!

ಅಂಕ ಬಂದ ಮೇಲೆ ಪ್ರಶ್ನೆನೇ ಬದಲಾಯ್ತು. "ನನ್ನ ನಾಯಿ ಪಾಸಾ?" ಅನ್ನೋದು ಹೋಗಿ "ಈ ತಳಿಯ ಉಳಿದ ನಾಯಿಗಳ ಮಧ್ಯೆ ನನ್ನ ನಾಯಿ ಎಲ್ಲಿದೆ?" ಅನ್ನೋದು ಬಂತು.

ಮೊಣಕೈಗೆ ಬೇರೆ ಲೆಕ್ಕ. 1989ರಲ್ಲಿ ಅಂತಾರಾಷ್ಟ್ರೀಯ ಮೊಣಕೈ ತಜ್ಞರ ಗುಂಪು ಒಂದು ಆಯ್ತು. ಅವರ ಪದ್ಧತಿಯಲ್ಲಿ 0ಯಿಂದ 3. ಅಂಚಿನಲ್ಲಿ ಬೆಳೆದ ಹೊಸ ಮೂಳೆ 2 ಮಿಲಿಮೀಟರಿಗಿಂತ ಕಮ್ಮಿ ಇದ್ರೆ ಗ್ರೇಡ್ 1, 2ರಿಂದ 5 ಇದ್ರೆ ಗ್ರೇಡ್ 2, ಅದಕ್ಕಿಂತ ಹೆಚ್ಚಿದ್ರೆ ಗ್ರೇಡ್ 3. ಬ್ರಿಟನ್ 1998ರಲ್ಲಿ ಮೊಣಕೈ ಯೋಜನೆ ಶುರು ಮಾಡ್ತು. ಅಲ್ಲಿ ಎರಡು ಮೊಣಕೈಯ ಗ್ರೇಡನ್ನ ಕೂಡಿಸಲ್ಲ, ಸರಾಸರಿನೂ ಮಾಡಲ್ಲ. ಯಾವುದು ಕೆಟ್ಟದಾಗಿದೆಯೋ ಅದೇ ನಾಯಿಯ ಗ್ರೇಡ್.

2 ಮಿಲಿಮೀಟರ್ ಅಂದ್ರೆ ಎಷ್ಟು? ನಿಮ್ಮ ಸ್ಕೇಲ್ ತೆಗೆದು ನೋಡಿ. ಅಷ್ಟರಲ್ಲಿ ಒಂದು ದರ್ಜೆ ಬದಲಾಗುತ್ತೆ.

ಭಾಗ 6/11

ಜರ್ಮನಿ ಇಲ್ಲದೆ ಈ ಕಥೆ ಪೂರ್ತಿ ಆಗಲ್ಲ. ಜರ್ಮನ್ ಶೆಫರ್ಡ್ ಕ್ಲಬ್ಬನ್ನ 1899ರಲ್ಲಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಕಟ್ಟಿದರು. 1960ರ ದಶಕದ ಎರಡನೇ ಭಾಗದಲ್ಲಿ ಆ ಕ್ಲಬ್ ಸೊಂಟದ ಎಕ್ಸ್-ರೇ ನೋಡಿ ನಾಯಿಯ ಕಾಗದದ ಮೇಲೆ "ಎ" ಮುದ್ರೆ ಹಾಕೋ ಪದ್ಧತಿ ತಂತು.

ಆ ಮುದ್ರೆಯೊಳಗೆ ಮೂರು ಮೆಟ್ಟಿಲು. ಸಹಜ, ಹೆಚ್ಚುಕಮ್ಮಿ ಸಹಜ, ಮೂರನೇದರ ಹೆಸರು ಕನ್ನಡಕ್ಕೆ ತಂದ್ರೆ "ಇನ್ನೂ ಅನುಮತಿ ಇದೆ". ಅದಕ್ಕಿಂತ ಕೆಳಗೆ ಹೋದ್ರೆ ತಳಿಗೆ ಬಳಸೋ ಹಾಗಿಲ್ಲ.

"ಇನ್ನೂ ಅನುಮತಿ ಇದೆ". ಈ ಹೆಸರು ಓದಿದಾಗ ನಂಗೆ ನಗುನೂ ಬಂತು, ಬೇಜಾರೂ ಆಯ್ತು. ಸೊಂಟ ಹೇಗಿದೆ ಅಂತ ಅದು ಹೇಳ್ತಿಲ್ಲ, ಮರಿ ಮಾಡಿಸಬಹುದಾ ಅನ್ನೋದನ್ನ ಹೇಳ್ತಿದೆ. ಒಂದು ವೈದ್ಯಕೀಯ ಓದು ಅಲ್ಲೇ ಲೈಸೆನ್ಸ್ ಆಗಿಬಿಡ್ತು.

ಈಗ ಯುರೋಪಿನ ಬಹುತೇಕ ಕಡೆ ಬಳಸೋದು ಎಫ್‌ಸಿಐ ಅನ್ನೋ ಅಂತಾರಾಷ್ಟ್ರೀಯ ಒಕ್ಕೂಟದ ಎ, ಬಿ, ಸಿ, ಡಿ, ಇ ದರ್ಜೆಗಳನ್ನ. ಎ ಅಂದ್ರೆ ದೋಷ ಇಲ್ಲ, ಇ ಅಂದ್ರೆ ತೀವ್ರ ದೋಷ.

ಈಗ ನಾಯಿ ಸಾಕೋರ ಜಾಗದಲ್ಲಿ ನಿಂತು ನೋಡಿ. ಮರಿ ಕೊಂಡು, ಎರಡು ವರ್ಷ ಊಟ ಹಾಕಿ, ತರಬೇತಿ ಕೊಟ್ಟು, ಶೋಗೆ ಕರ್ಕೊಂಡು ಹೋಗಿದೀರ. ಗೆರೆಯ ಈ ಕಡೆ ಬಂದ್ರೆ ಅದು ಆಸ್ತಿ. ಆ ಕಡೆ ಬಂದ್ರೆ ಮನೆಯಲ್ಲಿ ಸಾಕೋ ನಾಯಿ. ಅಕೌಂಟ್ಸ್ ಭಾಷೆಯಲ್ಲಿ ಒಂದೇ ಪತ್ರಕ್ಕೆ ಪೂರ್ತಿ ರೈಟ್ ಆಫ್. ಯಾರಿಗಾದ್ರೂ ಅಪೀಲ್ ಹಾಕ್ಬೇಕು ಅನ್ನಿಸುತ್ತೆ. ಹಾಕೋರೆಲ್ಲ ಕಳ್ಳರಲ್ಲ.

ಸೆಕೆಂಡ್ ಪಿಯುಸಿಯಲ್ಲಿ ನಾನೂ ಅಕೌಂಟೆನ್ಸಿಗೆ ರೀವ್ಯಾಲ್ಯುವೇಷನ್ ಹಾಕಿದ್ದೆ. ನಾಲ್ಕು ಮಾರ್ಕ್ಸ್ ಜಾಸ್ತಿ ಬಂತು. ಆ ನಾಲ್ಕು ನಂದೇ ಆಗಿತ್ತು.

ಭಾಗ 7/11

ಒಂದೇ ಸೊಂಟ ಎರಡು ಥರ ಯಾಕೆ ಕಾಣುತ್ತೆ?

ಮೊದಲನೇದು, ಮಲಗಿಸೋ ರೀತಿ. ನಾಯಿಯನ್ನ ಅಂಗಾತ ಮಲಗಿಸಿ, ಹಿಂಗಾಲನ್ನ ನೇರ ಹಿಂದಕ್ಕೆ ಚಾಚಿ, ಮಂಡಿ ಒಳಕ್ಕೆ ತಿರುಗಿಸಿ ಚಿತ್ರ ತೆಗೀತಾರೆ. ಸೊಂಟ ಸ್ವಲ್ಪ ಓರೆ ಆದ್ರೆ ಸಾಕು, ಒಂದು ಕಡೆ ಬಟ್ಟಲು ಆಳವಾಗಿ, ಇನ್ನೊಂದು ಕಡೆ ತೆಳುವಾಗಿ ಕಾಣುತ್ತೆ. ಪಾಸ್‌ಪೋರ್ಟ್ ಫೋಟೋದಲ್ಲಿ ತಲೆ ಓರೆ ಆದ್ರೆ ಒಂದು ಕಿವಿ ದೊಡ್ಡದಾಗಿ ಕಾಣಲ್ವಾ, ಹಾಗೆ.

ಎರಡನೇದು, ಮತ್ತು ಬರೋ ಔಷಧಿ. ಎಚ್ಚರ ಇರೋ ನಾಯಿ ಸ್ನಾಯು ಬಿಗಿ ಹಿಡಿಯುತ್ತೆ. ಬಿಗಿ ಹಿಡಿದಾಗ ಸಡಿಲ ಕೀಲೂ ಗಟ್ಟಿ ಕಾಣುತ್ತೆ. ಪೂರ್ತಿ ಮತ್ತು ಕೊಟ್ಟಾಗ ನಿಜವಾದ ಸಡಿಲ ಗೊತ್ತಾಗೋದು. ಅದಕ್ಕೇ ಜರ್ಮನಿಯಂಥ ಕಡೆ ಎಕ್ಸ್-ರೇ ಜೊತೆ ಯಾವ ಔಷಧಿ ಕೊಟ್ಟೆ ಅಂತ ಡಾಕ್ಟರು ಬರೆದುಕೊಡಬೇಕು.

ಮೂರನೇದು, ವಯಸ್ಸು. ಮೂಳೆಯ ಬೆಳವಣಿಗೆ, ಸವೆತ ಎರಡೂ ಕಾಲದ ಜೊತೆ ಬದಲಾಗುತ್ತೆ. ಅಮೆರಿಕದ ಫೌಂಡೇಷನ್ ಅಂತಿಮ ಗ್ರೇಡ್ ಕೊಡೋದು 24 ತಿಂಗಳಾದ ಮೇಲೆ. ಅದಕ್ಕಿಂತ ಮುಂಚೆ ಕೊಡೋದು ಪ್ರಾಥಮಿಕ ಓದು ಮಾತ್ರ.

ನಾಲ್ಕನೇದು, ಓದೋ ಕಣ್ಣು. 2007ರಲ್ಲಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಪಶುವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಅದೇ ಸೊಂಟದ ಚಿತ್ರಗಳನ್ನ ಹಲವು ಪಶುವೈದ್ಯರಿಗೆ ಕೊಟ್ಟು ಓದಿಸಿದರು. ಎಲ್ಲರ ಉತ್ತರ ಒಂದೇ ಆಗಿರ್ಲಿಲ್ಲ. ತೀರಾ ಒಳ್ಳೇ ಸೊಂಟ, ತೀರಾ ಕೆಟ್ಟ ಸೊಂಟ ಯಾರ ಕಣ್ಣಿಗೂ ಬೀಳುತ್ತೆ. ಜಗಳ ಇರೋದು ನಡುವೆ.

ಹಾಗಾದ್ರೆ ಗ್ರೇಡ್ ಸುಳ್ಳಾ? ಸುಳ್ಳಲ್ಲ. ಅದು ಒಂದು ದಿನ ತೆಗೆದ ಒಂದು ಚಿತ್ರದ ಮೇಲೆ, ತಿಳಿದವರು ಕೊಟ್ಟ ಅಭಿಪ್ರಾಯ. ಆಡಿಟರ್ ರಿಪೋರ್ಟಲ್ಲೂ "ನಮ್ಮ ಅಭಿಪ್ರಾಯದಲ್ಲಿ" ಅಂತಲೇ ಶುರು ಮಾಡೋದು. ಅಭಿಪ್ರಾಯ ಅಂದ ಮೇಲೆ ಅದನ್ನ ಪ್ರಶ್ನೆ ಮಾಡೋಕೆ ಒಂದು ದಾರಿ ಇರಲೇಬೇಕು. ದಾರಿ ಹೇಗಿರಬೇಕು ಅನ್ನೋದೇ ಪ್ರಶ್ನೆ.

ಭಾಗ 8/11

ಮೂರು ದೇಶ, ಮೂರು ದಾರಿ.

ಬ್ರಿಟನ್ ದಾರಿ: ಅದೇ ಉತ್ತರ ಪತ್ರಿಕೆ, ಮತ್ತೆ ಮೌಲ್ಯಮಾಪನ. ಅಪೀಲ್ ಹಾಕಿದ್ರೆ ಮೊದಲು ಕಳಿಸಿದ್ದ ಚಿತ್ರವನ್ನೇ ಮತ್ತೆ ಓದ್ತಾರೆ. ಹೊಸ ಚಿತ್ರ ತಂದುಕೊಡೋ ಹಾಗಿಲ್ಲ. ಅಪೀಲಿನಲ್ಲಿ ಬಂದದ್ದೇ ಕೊನೆ. ಒಂದು ನಾಯಿಗೆ ಒಂದೇ ಸಲ ಅಂಕ ಕೊಡೋದು. ಹತ್ತು ಚಿತ್ರ ತೆಗೆದು ಒಳ್ಳೇದೊಂದನ್ನ ಕಳಿಸೋಣ ಅನ್ನೋ ಆಟಕ್ಕೆ ಇಲ್ಲಿ ಬಾಗಿಲು ಮುಚ್ಚಿದೆ.

ಜರ್ಮನಿ ದಾರಿ: ಹೊಸ ಪರೀಕ್ಷೆ, ಆದ್ರೆ ದೊಡ್ಡ ಕೇಂದ್ರದಲ್ಲಿ. ಅಲ್ಲಿ ಇದಕ್ಕೆ ಇರೋ ಪದದ ಅರ್ಥ "ಮೇಲಿನ ಅಭಿಪ್ರಾಯ". ಪಶುವೈದ್ಯ ವಿಶ್ವವಿದ್ಯಾಲಯದ ಆಸ್ಪತ್ರೆಯಂಥ ಕಡೆ ಹೊಸದಾಗಿ ಎರಡು ಭಂಗಿಯಲ್ಲಿ ಚಿತ್ರ ತೆಗೆಸಬೇಕು, ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ. ಹಳೆಯ ಚಿತ್ರವನ್ನೂ ಜೊತೆಗೆ ಇಡಬೇಕು. ಮೊದಲು ಓದಿದವರಲ್ಲ, ಬೇರೆ ತಜ್ಞರು ಓದ್ತಾರೆ. ಅವರ ಮಾತೇ ಕೊನೆ.

ಅಮೆರಿಕ ದಾರಿ: ಕಾದು ನೋಡು. ಬಾರ್ಡರ್‌ಲೈನ್ ಅಂತ ಬಂದ್ರೆ ಕನಿಷ್ಠ ಆರು ತಿಂಗಳು ಬಿಟ್ಟು ಇನ್ನೊಂದು ಚಿತ್ರ ತೆಗೆಸಿ ಅಂತಾರೆ. ಸಂಶಯ ಇದ್ದಾಗ ಕಾಲಕ್ಕೇ ಉತ್ತರ ಹೇಳೋಕೆ ಬಿಡ್ತಾರೆ.

ಮೂರೂ ಬೇರೆ ಥರ ಕಂಡ್ರೂ ಒಳಗಿನ ಶಿಸ್ತು ಒಂದೇ. ನಾಯಿಯ ಗುರುತಿನ ಸಂಖ್ಯೆ ಚಿತ್ರದಲ್ಲೇ ಇರಬೇಕು, ಆಮೇಲೆ ಅಂಟಿಸಿದ್ದಲ್ಲ. ಓದೋರಿಗೆ ಆ ನಾಯಿಯಿಂದ ಲಾಭ ಇರಬಾರದು. ಹಳೆಯ ದಾಖಲೆ ಮುಚ್ಚಿಡೋ ಹಾಗಿಲ್ಲ. ಎರಡನೇ ಓದಿನಲ್ಲಿ ಗ್ರೇಡ್ ಕೆಳಗೂ ಹೋಗಬಹುದು, ಹೋದ್ರೆ ಒಪ್ಪಿಕೊಳ್ಳಬೇಕು.

ಈ ಕೊನೇ ಮಾತನ್ನ ಇನ್ನೊಂದ್ಸಲ ಓದಿ. ನಂಗೆ ಸಿಕ್ಕ ವ್ಯತ್ಯಾಸ ಇಷ್ಟೇ: ಕೆಳಗೆ ಹೋದ್ರೂ ಒಪ್ಕೋತೀನಿ ಅಂತ ಹೋಗೋದು ಅಪೀಲ್. ಬೇಕಾದ ಉತ್ತರ ಬರೋವರೆಗೂ ಒಂದೊಂದೇ ಬಾಗಿಲು ತಟ್ಟೋದು ಚೌಕಾಸಿ. ಗಂಡು ನಾಯಿ ಕಡೆಯವರು ಆಂಟಿಗೆ ಹೇಳಿದ್ದು ಎರಡನೇದು. ಹೆಸರು ಮಾತ್ರ ಮೊದಲನೇದರದ್ದು ಇಟ್ಟಿದ್ರು.

ಭಾಗ 9/11

ಇಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಆದ್ರೆ ದೊಡ್ಡ ಮೋಸ ನಡೆಯೋದು ಅಪೀಲಿನಲ್ಲಿ ಅಲ್ಲ, ಅದಕ್ಕಿಂತ ಮುಂಚೆ.

ಎಕ್ಸ್-ರೇ ತೆಗೆದಾಗಲೇ ಡಾಕ್ಟರಿಗೂ ಮಾಲೀಕರಿಗೂ ಗೊತ್ತಾಗುತ್ತೆ ಸೊಂಟ ಚೆನ್ನಾಗಿಲ್ಲ ಅಂತ. ಆಗ ಏನ್ಮಾಡ್ತಾರೆ? ಕಳಿಸೋದೇ ಇಲ್ಲ. ಫಿಲ್ಮ್ ಬೀರುವಿಗೆ ಹೋಗುತ್ತೆ. ಗ್ರೇಡೇ ಇಲ್ಲ ಅಂದ್ಮೇಲೆ ಅಪೀಲ್ ಎಲ್ಲಿಂದ? ಹೀಗಾದಾಗ ದಾಖಲೆಯಲ್ಲಿ ಒಳ್ಳೇ ಸೊಂಟಗಳೇ ತುಂಬಿಕೊಂಡು, ತಳಿ ಸುಧಾರಿಸ್ತಿದೆ ಅನ್ನೋ ಭ್ರಮೆ ಹುಟ್ಟುತ್ತೆ. ನಷ್ಟದ ವೋಚರ್ ಹರಿದು ಹಾಕಿ ಬ್ಯಾಲೆನ್ಸ್ ಶೀಟ್ ತೋರಿಸಿದ ಹಾಗೆ.

ಇದಕ್ಕೆ ಎರಡು ಉತ್ತರ ಬಂದಿದೆ.

ಒಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ. 1983ರಲ್ಲಿ ಡಾ. ಗೇಲ್ ಸ್ಮಿತ್ ಹೊಸ ಪದ್ಧತಿಯ ಸಂಶೋಧನೆ ಶುರು ಮಾಡಿದರು. ಪೆನ್‌ಹಿಪ್ ಅಂತ ಹೆಸರು. ಗುಂಡನ್ನ ಬಟ್ಟಲಿನಿಂದ ಮೆತ್ತಗೆ ಹೊರಕ್ಕೆ ಸರಿಸಿ, ಎಷ್ಟು ಸರಿಯುತ್ತೆ ಅಂತ ಅಳೆಯೋದು. ಉತ್ತರ ದರ್ಜೆ ಅಲ್ಲ, ಒಂದು ಸಂಖ್ಯೆ. 0.3ಕ್ಕಿಂತ ಕಮ್ಮಿ ಇದ್ರೆ ಗಟ್ಟಿ ಕೀಲು. 16 ವಾರದ ಮರಿಗೂ ಮಾಡಬಹುದು. ಅದರ ನಿಯಮದಲ್ಲಿ ನಂಗೆ ಇಷ್ಟ ಆಗಿದ್ದು ಇದು: ತೆಗೆದ ಚಿತ್ರ ಹೇಗೇ ಇರಲಿ, ಡಾಕ್ಟರು ಎಲ್ಲವನ್ನೂ ಕಳಿಸಲೇಬೇಕು. ಆರಿಸೋ ಹಾಗಿಲ್ಲ.

ಇನ್ನೊಂದು ಸ್ವೀಡನ್ನಿನಿಂದ. ಅಲ್ಲಿ ಫಲಿತಾಂಶಗಳ ದಾಖಲೆ ಯಾರು ಬೇಕಾದ್ರೂ ನೋಡೋ ಹಾಗೆ ತೆರೆದರು. ಅಪ್ಪ ಅಮ್ಮನ ಸೊಂಟದ ಫಲಿತಾಂಶ ದಾಖಲಾಗಿದ್ರೆ ಮಾತ್ರ ಮರಿಗೆ ನೋಂದಣಿ ಅನ್ನೋ ನಿಯಮ ಹಲವು ತಳಿಗಳಿಗೆ ಬಂತು. 1997ರಲ್ಲಿ ಅಲ್ಲಿನ ಸಂಶೋಧಕರು ಏಳು ತಳಿಗಳನ್ನ ತಗೊಂಡು, ಎಕ್ಸ್-ರೇಗೆ ಆಗೋ ಖರ್ಚು ಒಂದು ಕಡೆ, ಕಾರ್ಯಕ್ರಮದಿಂದ ಆಗೋ ಪ್ರಯೋಜನ ಒಂದು ಕಡೆ ಇಟ್ಟು ಲಾಭ–ವೆಚ್ಚದ ವಿಶ್ಲೇಷಣೆನೇ ಮಾಡಿದರು. ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಈ ಉದಾಹರಣೆ ಇದ್ದಿದ್ರೆ ನಾನು ಮೊದಲ ಬೆಂಚಲ್ಲಿ ಕೂರ್ತಿದ್ದೆ.

ಭಾಗ 10/11

ಇನ್ನೊಂದು ತಿರುವು ಇದೆ. ಒಂದು ನಾಯಿಯ ಗ್ರೇಡಿಗೆ ಇಷ್ಟೊಂದು ಜಗಳ ಬೇಕಾ ಅಂತ ತಳಿ ವಿಜ್ಞಾನಿಗಳೇ ಕೇಳೋಕೆ ಶುರು ಮಾಡಿದರು. ಬ್ರಿಟನ್ನಿನ ಡಾ. ಮಾಲ್ಕಮ್ ವಿಲ್ಲಿಸ್ ಅಂಥವರು ಒಂದು ಗಂಡು ನಾಯಿಯ ಅಂಕದ ಜೊತೆ ಅದರ ಮರಿಗಳ ಸರಾಸರಿಯನ್ನೂ ನೋಡಿ ಅಂದ್ರು. ತಾನು ಒಳ್ಳೇ ಅಂಕ ತೆಗೆದು ಕೆಟ್ಟ ಸೊಂಟದ ಮರಿ ಕೊಡೋ ಅಪ್ಪ ಇರಬಹುದು. 2014ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಅಣ್ಣ ತಮ್ಮ, ಅಜ್ಜ, ಮರಿ ಎಲ್ಲರ ಅಂಕ ಸೇರಿಸಿ ಲೆಕ್ಕ ಹಾಕೋ ತಳಿ ಮೌಲ್ಯವನ್ನ ಪ್ರಕಟಿಸೋಕೆ ಶುರು ಮಾಡ್ತು. ಇಡೀ ವಂಶ ಸಾಕ್ಷಿ ಹೇಳುವಾಗ ಒಂದು ನಾಯಿಯ ಅಪೀಲು ಫಲಿತಾಂಶವನ್ನ ಅಷ್ಟೊಂದು ಬದಲಿಸಲ್ಲ.

ಊಟದ ವಿಷಯನೂ ಮರೀಬೇಡಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನ ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಮ್ಮಿ ಊಟ ಹಾಕಿ ಜೀವನಪೂರ್ತಿ ನೋಡಿದರು. ಕಮ್ಮಿ ತಿಂದವುಗಳಲ್ಲಿ ಸೊಂಟದ ದೋಷ ಕಮ್ಮಿ, ಆಯಸ್ಸೂ ಸುಮಾರು ಎರಡು ವರ್ಷ ಜಾಸ್ತಿ. ದಪ್ಪಗಿದ್ರೆ ಮುದ್ದು ಅಂತ ಬಿಸ್ಕೆಟ್ ಹಾಕೋ ನಮಗೆಲ್ಲ ಇದು ಪಾಠ.

ನಮ್ಮ ರಾಜ್ಯದ ನಾಯಿ ಮುಧೋಳ. ಆ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನ ಬೆಳೆಸಿ, ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಸ್ಟ್ಯಾಂಪ್ ತಂತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಗೆ ಒಂದು ಸಂಶೋಧನಾ ಕೇಂದ್ರ ಇದೆ. ಆ ಫೌಂಡೇಷನ್ನಿನ ಡಾ. ರೈಸರ್ ನೆನಪಿದ್ದಾರಾ? 1967ರಲ್ಲಿ ಅವರು ಸೊಂಟದ ಸ್ನಾಯು ಎಷ್ಟು ತುಂಬಿಕೊಂಡಿದೆ ಅನ್ನೋದಕ್ಕೂ ಡಿಸ್‌ಪ್ಲೇಸಿಯಾಕ್ಕೂ ಇರೋ ನಂಟನ್ನ ತೋರಿಸಿದರು. ಗ್ರೇಹೌಂಡ್‌ನಲ್ಲಿ ಆ ಸ್ನಾಯು ದಂಡಿ, ದೋಷ ತೀರಾ ವಿರಳ. ನಮ್ಮ ಮುಧೋಳವೂ ಅದೇ ಮೈಕಟ್ಟಿನ ಓಟದ ನಾಯಿ. ಮೊಲದ ಹಿಂದೆ ಓಡೋಕಾಗದ ನಾಯಿಯನ್ನ ಬೇಟೆಗಾರ ಮರಿಗೆ ಬಿಡ್ತಿರ್ಲಿಲ್ಲ. ಹೊಲವೇ ಪರೀಕ್ಷೆ. ಲ್ಯಾಬ್ರಡಾರ್ ಸೋಫಾ ಮೇಲೆ ಬಂದ ಮೇಲೆ ಆ ಪರೀಕ್ಷೆ ನಿಂತುಹೋಯ್ತು. ಎಕ್ಸ್-ರೇ ಆ ಜಾಗಕ್ಕೆ ಬಂದದ್ದು ಅಂತ ನನ್ನ ಅನಿಸಿಕೆ.

ಭಾಗ 11/11

ಇಷ್ಟೆಲ್ಲ ಓದಿ ಆಂಟಿಗೆ ಹೇಳಿದೆ: "ಆಂಟಿ, ಎರಡನೇ ಅಭಿಪ್ರಾಯ ಕೇಳೋದು ತಪ್ಪಲ್ಲ. ಆದ್ರೆ ಹಳೇ ಎಕ್ಸ್-ರೇನೂ ತಗೊಂಡು ಹೋಗೋಣ. ಪೂರ್ತಿ ಮತ್ತು ಕೊಟ್ಟು ತೆಗೀಲಿ. ಏನು ಬರುತ್ತೋ ಅದೇ ಕೊನೆ ಅಂತ ಮೊದಲೇ ಮಾತಾಡ್ಕೊಳ್ಳೋಣ."

ಆಂಟಿ ಹೊಲಿಗೆ ಮಿಷನ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ರು. "ಆಯ್ತು, ಕೊನೆ" ಅಂದ್ರು.

ಬೇರೆ ಡಾಕ್ಟರು. ಮೊದಲು ಹಳೇ ಚಿತ್ರ ನೋಡಿದ್ರು. ಸೊಂಟ ಸ್ವಲ್ಪ ಓರೆ ಆಗಿದೆ, ಸಂಶಯ ಬಂದಿದ್ದು ಸರಿ ಅಂದ್ರು. ನಂಗೆ ಒಂದು ನಿಮಿಷ ಆಸೆ ಬಂತು, ಸುಳ್ಳು ಹೇಳಲ್ಲ. ಹೊಸ ಚಿತ್ರ ನೇರವಾಗಿ ಬಂತು. ಎಡಗಡೆ ಮೊದಲು ಕಂಡಿದ್ದಕ್ಕಿಂತ ಪರವಾಗಿಲ್ಲ. ಆದ್ರೆ ಮೊದಲು ಚೆನ್ನಾಗಿ ಕಂಡಿದ್ದ ಬಲಗಡೆಯೂ ಸಡಿಲ. ಓರೆ ಮಲಗಿಸಿದ್ದು ಎಡಗಡೆಗೆ ಅನ್ಯಾಯ ಮಾಡಿತ್ತು, ಬಲಗಡೆಯನ್ನ ಮುಚ್ಚಿಟ್ಟಿತ್ತು.

ಆಂಟಿ ಮರಿ ಮಾಡಿಸಲಿಲ್ಲ. ಗಂಡು ನಾಯಿ ಕಡೆಯವರು ಇನ್ನೊಂದು ಕ್ಲಿನಿಕ್ಕಿನ ಹೆಸರು ಹೇಳಿದ್ರು. ಆಂಟಿ ಫೋನ್ ಇಟ್ರು. ಫೀಸಿಗೆ ಚೀಟಿ ಎತ್ತಿದ್ರು, ದೀಪಾವಳಿವರೆಗೂ ರಾತ್ರಿ ಹನ್ನೊಂದಕ್ಕೂ ಮಿಷನ್ ಸದ್ದು ನಮ್ಮ ಮನೆಗೆ ಕೇಳ್ತಿತ್ತು. ಈ ಕಥೆಯಲ್ಲಿ ದುಡ್ಡು ಕಳ್ಕೊಂಡಿದ್ದು ಅವರೊಬ್ಬರೇ. ಅದನ್ನ ಬರೀದೇ ಬಿಟ್ರೆ ಲೆಕ್ಕ ತಪ್ಪಾಗುತ್ತೆ.

ನೀವು ಮರಿ ತಗೊಳ್ಳೋಕೆ ಹೊರಟಿದ್ರೆ ಇಷ್ಟು ಮಾಡಿ. "ಪೇಪರ್ ಇದೆ" ಅಂದ್ರೆ ಯಾವ ಪೇಪರ್ ಅಂತ ಕೇಳಿ. ವಂಶಾವಳಿಯ ಪೇಪರ್ ಅಪ್ಪ ಅಮ್ಮ ಯಾರು ಅಂತ ಹೇಳುತ್ತೆ, ಅವರ ಕೀಲು ಹೇಗಿದೆ ಅಂತಲ್ಲ. ಅಪ್ಪ ಅಮ್ಮ ಇಬ್ಬರದ್ದೂ ಸೊಂಟ, ಮೊಣಕೈ ಎಕ್ಸ್-ರೇ ಕೇಳಿ, ಅದರ ಮೇಲೆ ಗುರುತಿನ ಸಂಖ್ಯೆ ಇದೆಯಾ ನೋಡಿ. ಅಪೀಲ್ ಹಾಕಿ ಬಂದ ಗ್ರೇಡ್ ಅಂದ್ರೆ ಮೊದಲನೇ ಗ್ರೇಡನ್ನೂ ತೋರಿಸಿ ಅನ್ನಿ. ಎಂಟು ವಾರ ಆಗದ ಮರಿ ತಗೋಬೇಡಿ. ನಾಯಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮದ ಪ್ರಕಾರ ಅದನ್ನ ಮಾರೋ ಹಾಗೇ ಇಲ್ಲ.

ಕೇಳೋಕೆ ಸಂಕೋಚ ಆದ್ರೆ ಒಂದು ನೆನಪಿಟ್ಕೊಳ್ಳಿ. ಮಾರ್ಕ್ಸ್ ಕಮ್ಮಿ ಬಂದ್ರೆ ನಾವು ಅರ್ಜಿ ಹಾಕಬಹುದು. ಗ್ರೇಡ್ ಕಮ್ಮಿ ಬಂದ್ರೆ ಮಾಲೀಕರು ಹಾಕಬಹುದು. ಸಡಿಲ ಕೀಲಿನ ಜೊತೆ ಹುಟ್ಟಿದ ಮರಿಗೆ ಅಂಥ ಕೌಂಟರ್ ಯಾವುದೂ ಇಲ್ಲ. ಅದರ ಪರವಾಗಿ ಮುಂಚೆನೇ ಕೇಳೋರು ನಾವೇ.

ಕೊನೇ ಫೋಟೋ ಇವತ್ತು ಬೆಳಿಗ್ಗೆದು. ಚಿನ್ನಿ ಎರಡು ಕೆಜಿ ಇಳಿದಿದ್ದಾಳೆ. ಮೆಟ್ಟಿಲು ಹತ್ತೋಕೆ ಬಿಡಲ್ಲ, ನಾನೇ ಕೆಳಗಿಳಿದು ಹೋಗ್ತೀನಿ. ಮೊಲದ ಥರ ಜಿಗಿಯೋ ಹಳೇ ವಿಡಿಯೋ ಡಿಲೀಟ್ ಮಾಡಿಲ್ಲ. ಕ್ಯಾಪ್ಶನ್ ಮಾತ್ರ ಬದಲಿಸಿದೀನಿ: ನಿಮ್ಮ ನಾಯಿ ಹೀಗೆ ಹತ್ತಿದ್ರೆ ನಗಬೇಡಿ, ಡಾಕ್ಟರ ಹತ್ರ ಕರ್ಕೊಂಡು ಹೋಗಿ.

ಪ್ರಶ್ನೆ ಇದ್ರೆ ಕೆಳಗೆ ಹಾಕಿ. ನಾಯಿ ಸಾಕ್ಬೇಕು ಅಂತಿರೋ ಫ್ರೆಂಡ್‌ಗೆ ಕಳಿಸಿ. ಮುಂದಿನ ಭಾನುವಾರ ಇನ್ನೊಂದು ಕಾಗದದ ಕಥೆ.

#ಶ್ರೀರಾಂಪುರ #ಕಾಗದದಹಿಂದಿನಕಥೆ #ಚಿನ್ನಿ #ಕನ್ನಡದಲ್ಲಿಚರಿತ್ರೆ